ಹೊಡೆ ತುಂಬಿದ ಹೊಲಕ್ಕೆ ಬುತ್ತಿ

ಮಂಡಿನೋವು ಜಾಸ್ತಿಯಾಗಿ ಅವ್ವ ಈ ಸಲ ಹೊರಡಲಿಲ್ಲ. ಹೊರಡುವ ಸಂಜೆ ನನ್ನ ಕೈಗೆ ಒಂದು ಗುಳೇದಗುಡ್ಡದ ಖಣ ಕೊಟ್ಟಳು. ಹಸಿರು ಮೈ, ಕೆಂಪು ಅಂಚು. ಮಾಮನ ಹೆಂಡತಿ ಅತ್ತಿಗೆ ಕೊಡಲು ಇರಬೇಕೆಂದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. "ಇದು ನಿಮ್ಮತ್ತಿಗಲ್ಲ, ಹೊಲಕ್ಕ. ಬನ್ನಿ ಗಿಡದ ಬುಡಕ್ಕ ಇಟ್ಟು ಉಡಿ ತುಂಬು. ಗಿಡ ಹ್ಯಾಂಗದ ನೋಡ್ಕೊಂಡು ಬಂದು ಹೇಳು" ಎಂದಳು. ತಮ್ಮನ ಬಿಪಿ, ನಾದಿನಿಯ ಸಕ್ಕರೆ ಕಾಯಿಲೆ, ಮೊಮ್ಮಕ್ಕಳ ಪರೀಕ್ಷೆ ಎಲ್ಲವನ್ನೂ ಕೇಳಲು ಫೋನಿದೆ. ಗಿಡದ ಸುದ್ದಿ ತಿಳಿಯಬೇಕಾದರೆ ಮನೆಯವರೊಬ್ಬರು ಹೋಗಿ ನೋಡಿಯೇ ಬರಬೇಕು.

2025ರ ಎಳ್ಳಮಾವಾಸ್ಯೆ ಡಿಸೆಂಬರ್ 19, ಶುಕ್ರವಾರ ಬಂದಿತ್ತು. ಒಂದು ದಿನ ರಜೆ ಹಾಕಿದರೆ ಶನಿವಾರ, ಭಾನುವಾರ ಕೂಡಿ ಮೂರು ದಿನ. ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಗುರುವಾರ ರಾತ್ರಿಯ ರೈಲು ಹತ್ತಿದೆ. ಅವಳು ಅಜ್ಜಿಯ ತವರನ್ನು ಬೇಸಿಗೆಯಲ್ಲಷ್ಟೇ ಕಂಡವಳು. ಹೊಲವೆಂದರೆ ಅವಳ ಕಣ್ಣಿಗೆ ಬಿರುಕುಬಿಟ್ಟ ಬಯಲು. ಆ ಬಯಲು ಹಸಿರಾಗಿ ನಿಂತದ್ದನ್ನು ಅವಳಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆ.

ಬೆಂಗಳೂರು, ಮೈಸೂರು ಕಡೆಯವರಿಗೆ ಎಳ್ಳು ಎಂದರೆ ಸಂಕ್ರಾಂತಿ. ಕಲಬುರಗಿ, ಬೀದರ್, ಯಾದಗಿರಿ, ವಿಜಯಪುರದ ಒಕ್ಕಲಿಗರಿಗೆ ಎಳ್ಳು ಎಂದರೆ ಮಾರ್ಗಶಿರದ ಅಮಾವಾಸ್ಯೆ. ಬಾಯಿಮಾತಿನಲ್ಲಿ ಎಳ್ಳಮಾಸಿ. ಗಡಿಯಾಚೆ ಲಾತೂರಿನ ಮರಾಠಿ ರೈತರೂ ಇದೇ ದಿನ ಹೊಲಕ್ಕೆ ಹೋಗುತ್ತಾರೆ. ಅವರು ಹಬ್ಬಕ್ಕೆ ಇಟ್ಟ ಹೆಸರು ಯೇಳವಸ. ಆ ಹೆಸರಿನಲ್ಲಿ ನಮ್ಮ ಎಳ್ಳಮಾಸಿಯ ದನಿ ಇನ್ನೂ ಕೇಳಿಸುತ್ತದೆ. ದೀಪಾವಳಿ, ಯುಗಾದಿಗೆ ಊರಿಗೆ ಬರಲಾಗದವರೂ ಎಳ್ಳಮಾಸಿಗೆ ಬರುತ್ತಾರೆ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದ ಕಲ್ಯಾಣ ಕರ್ನಾಟಕದ ಜನ ಆಗ ರೈಲಿನ ಜನರಲ್ ಬೋಗಿಯ ಬಾಗಿಲಲ್ಲಿ ನಿಂತಾದರೂ ಊರು ಸೇರುತ್ತಾರೆ.

ನಮ್ಮ ಬೋಗಿಯಲ್ಲೂ ಹಬ್ಬ ಆಗಲೇ ಶುರುವಾಗಿತ್ತು. ಎದುರು ಸೀಟಿನಲ್ಲಿ ಕಟ್ಟಡ ಕೆಲಸಕ್ಕೆ ಬಂದಿದ್ದ ಗಂಡ ಹೆಂಡತಿ, ಕಾಲ ಬಳಿ ಸಿಮೆಂಟಿನ ಚೀಲದಲ್ಲಿ ಕಟ್ಟಿದ ಗಂಟು. "ನಿಮ್ಮೂರು ಯಾವ್ದ್ರಿ?" ಎಂದು ಕೇಳಿದರು. ಹೇಳಿದೆ. ಆಮೇಲಿನ ಪ್ರಶ್ನೆ, "ಹೊಲ ಹೊಳಿ ಕಡಿಗೋ, ಗುಡ್ಡದ ಕಡಿಗೋ?" ಆ ವರ್ಷ ಈ ಪ್ರಶ್ನೆಗೆ ಬೇರೆಯೇ ಅರ್ಥವಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ಬಂದು ಭೀಮೆ ಉಕ್ಕಿ ಹರಿದಿದ್ದಳು. ಹೊಳೆ ಕಡೆ ಹೊಲವಿದ್ದವರು ಬೆಳೆ ಕಳೆದುಕೊಂಡಿದ್ದರು. "ಹೊಳಿ ಕಡಿಗೇ" ಎಂದೆ. ಆಕೆ ಮುಂದೆ ಏನೂ ಕೇಳಲಿಲ್ಲ. ಗಂಟು ಬಿಚ್ಚಿ ಮಗಳ ಕೈಗೆ ಒಂದು ಶೇಂಗಾ ಉಂಡಿ ಕೊಟ್ಟಳು.

ಬೆಂಗಳೂರಿನಿಂದ ಕಲಬುರಗಿ ಕಡೆಗೆ ಹೋಗುವ ರೈಲು ಧರ್ಮಾವರಂ, ಗುಂತಕಲ್ ಎಂದು ರಾತ್ರಿಯನ್ನು ಆಂಧ್ರದಲ್ಲೇ ಕಳೆಯುತ್ತದೆ. ನಮ್ಮದೇ ರಾಜ್ಯದ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ರಾಜ್ಯ ಬಿಟ್ಟು ಹೊರಗೆ ಹೋಗಿ ಬರಬೇಕು. ತುಂಗಭದ್ರೆ ದಾಟಿದ ಮೇಲೆ ರಾಯಚೂರಿನಲ್ಲಿ ಮತ್ತೆ ಕನ್ನಡ ನಾಡು. ಆಮೇಲೆ ಕೃಷ್ಣೆಯ ಉದ್ದನೆಯ ಸೇತುವೆ. ಅದರ ಮೇಲೆ ಗಾಲಿಗಳ ಸದ್ದು ಬದಲಾದಾಗ ನನಗೆ ಎಚ್ಚರವಾಯಿತು. ಸಣ್ಣವಳಿದ್ದಾಗ ಈ ಸದ್ದಿಗೆ ಅವ್ವ ನಮ್ಮನ್ನೆಲ್ಲ ಎಬ್ಬಿಸಿ ಕಿಟಕಿಯಿಂದ ನದಿಗೆ ನಾಣ್ಯ ಎಸೆಸುತ್ತಿದ್ದಳು. ನಾನೂ ಮಗಳನ್ನು ಎಬ್ಬಿಸಿದೆ. ಕತ್ತಲಲ್ಲಿ ನೀರು ಕಾಣಲಿಲ್ಲ, ನಾಣ್ಯ ಬಿದ್ದದ್ದೂ ಕೇಳಲಿಲ್ಲ. ಆದರೂ ಅವಳು ಕೈ ಮುಗಿದಳು.

ವಾಡಿ ಜಂಕ್ಷನ್ನಿನಲ್ಲಿ ಇಳಿದಾಗ ಇನ್ನೂ ನಸುಕು. ಸಿಕಂದರಾಬಾದಿಗೆ ಹಳಿ ಕವಲೊಡೆಯುವುದು ಇಲ್ಲಿಯೇ. ಸಿಮೆಂಟ್ ಕಾರ್ಖಾನೆಯ ದೀಪಗಳು ಆಕಾಶಕ್ಕೆ ಮುಟ್ಟುವಂತೆ ಉರಿಯುತ್ತಿದ್ದವು. ಥಂಡಿ ಎಂದರೆ ಮೈ ಗಡಗಡ. ಅವ್ವನ ತಮ್ಮ, ನನ್ನ ಮಾಮ, ತಲೆಗೆ ರುಮಾಲು ಸುತ್ತಿ, ಮೇಲೆ ಕಂಬಳಿ ಹೊದ್ದು, ಪಕ್ಕದ ಮನೆಯವರ ಟಂಟಂ ತಂದು ಕಾಯುತ್ತಿದ್ದ. ನನ್ನ ತಲೆಯ ಮೇಲೆ ಕೈಯಿಟ್ಟು, "ಅಕ್ಕ ಬರ್ಲಿಲ್ಲೇನವ್ವ" ಎಂದ. ಬರುವುದಿಲ್ಲವೆಂದು ವಾರದ ಹಿಂದೆಯೇ ಫೋನಿನಲ್ಲಿ ಹೇಳಿದ್ದೆವು. ಆದರೂ ಅವನ ಕಣ್ಣು ಒಮ್ಮೆ ನನ್ನ ಹಿಂದಿನ ಬೋಗಿಯ ಬಾಗಿಲಿಗೆ ಹೋಗಿ ಬಂತು.

ಮಾಮನ ಊರು ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮೆಯ ದಂಡೆಗೆ ಹತ್ತಿರ. ಗೋಡೆ, ನೆಲ, ಮಾಳಿಗೆಯ ಮೆಟ್ಟಿಲು ಎಲ್ಲವೂ ಶಹಾಬಾದ್ ಪರ್ಸಿಯ ಮನೆ. ಈ ಭಾಗದಲ್ಲಿ ನೆಲ ಅಗೆದರೆ ಹಾಳೆ ಹಾಳೆಯಾಗಿ ಏಳುವ ಸುಣ್ಣಕಲ್ಲು ಅದು. ಅಂಗಳಕ್ಕೆ ಕಾಲಿಡುವ ಮೊದಲೇ ರೊಟ್ಟಿ ಬಡಿಯುವ ಸದ್ದು ಕೇಳಿತು. ಬೀದಿಯುದ್ದಕ್ಕೂ ಅದೇ ಸದ್ದು, ಪಟಪಟ ಪಟಪಟ. ಆ ಹೊತ್ತಿನಲ್ಲಿ ಮಲಗಿದ್ದ ಮನೆ ಊರಿನಲ್ಲಿ ಒಂದೂ ಇರಲಿಲ್ಲ.

ಅತ್ತಿ ಮೂರು ಗಂಟೆಗೇ ಎದ್ದು ಒಲೆ ಹಚ್ಚಿದ್ದಳು. ಜೋಳದ ಕಟಿ ರೊಟ್ಟಿಗಳನ್ನು ಓಣಿಯ ಹೆಣ್ಣುಮಕ್ಕಳು ಒಬ್ಬರ ಮನೆಯಲ್ಲಿ ಒಂದು ದಿನದಂತೆ ಮುಯ್ಯಿ ಹಾಕಿಕೊಂಡು ವಾರದ ಹಿಂದೆಯೇ ಬಡಿದಿಟ್ಟಿದ್ದರು. ಈಗ ಉಳಿದದ್ದು ಸಜ್ಜೆ ರೊಟ್ಟಿ. ಸಜ್ಜೆ ಹಿಟ್ಟಿಗೆ ಅಂಟು ಕಡಿಮೆ. ಕುದಿಯುವ ನೀರು ಹಾಕಿ ಬಿಸಿ ಆರುವ ಮುನ್ನವೇ ಅಂಗೈ ಹಿಮ್ಮಡಿಯಿಂದ ನಾದಬೇಕು, ಇಲ್ಲದಿದ್ದರೆ ರೊಟ್ಟಿಯ ಅಂಚು ಸೀಳುತ್ತದೆ. ಅತ್ತಿ ಒಂದೊಂದನ್ನೂ ಹುಣ್ಣಿಮೆಯ ಚಂದ್ರನಷ್ಟು ದುಂಡಗೆ ಬಡಿದು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೈ ಸವರಿ, ತೇವ ಆರುವುದರೊಳಗೆ ಒಂದು ಹಿಡಿ ಎಳ್ಳು ಉದುರಿಸಿ ಬೆರಳ ತುದಿಯಿಂದ ಒತ್ತುತ್ತಿದ್ದಳು. ಬಿಸಿಗೆ ಎಳ್ಳು ಚಟಪಟ ಸಿಡಿದು ಮನೆಯೆಲ್ಲ ಘಮ್ಮೆಂದಿತು. ಮಗಳು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅತ್ತಿ ಅವಳ ಬೆರಳನ್ನೂ ಹಿಡಿದು ಒಂದು ರೊಟ್ಟಿಗೆ ಎಳ್ಳು ಒತ್ತಿಸಿದಳು.

ಮಗ್ಗುಲಿನ ದೊಡ್ಡ ಪಾತ್ರೆಯಲ್ಲಿ ಭಜ್ಜಿ ಕುದಿಯುತ್ತಿತ್ತು. ಬೆಂಗಳೂರಿನ ಗಾಡಿಗಳಲ್ಲಿ ಎಣ್ಣೆಯಲ್ಲಿ ಕರಿದು ಕೊಡುವ ಬಜ್ಜಿಗೂ ಇದಕ್ಕೂ ಹೆಸರಿನ ನಂಟಷ್ಟೇ. ಎಳ್ಳಮಾಸಿಯ ಭಜ್ಜಿ ಎಂದರೆ ಆ ತಿಂಗಳು ಹೊಲ ಏನೇನು ಕೊಡುತ್ತದೋ ಅಷ್ಟೂ ಒಂದೇ ಪಾತ್ರೆಯಲ್ಲಿ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬದನೆ, ಗಜ್ಜರಿ, ಮೆಂತೆ ಸೊಪ್ಪು, ಪುಂಡಿಪಲ್ಯ, ಉಳ್ಳಾಗಡ್ಡಿ ತಪ್ಪಲು, ಹುಳಿಗೆ ಹುಣಸೆ, ಮಂದವಾಗಲು ಕಡಲೆಹಿಟ್ಟು. ಜೊತೆಗೆ ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಗುರೆಳ್ಳು ಹಿಂಡಿ, ಮೊಸರು ಕಲಸಿದ ಬುತ್ತಿ, ಮಣ್ಣಿನ ಗಡಿಗೆಯಲ್ಲಿ ಜೋಳದ ಅಂಬಲಿ. "ಇಷ್ಟೊಂದು ಯಾಕ ಮಾಡ್ತೀರಿ ಅಜ್ಜಿ?" ಎಂದಳು ಮಗಳು. ಅತ್ತಿ ಒಲೆಯಿಂದ ಮುಖ ತಿರುಗಿಸದೆಯೇ, "ಬಸುರಿಗಿ ಏನ್ ಬಯಕಿ ಇರ್ತದೋ ಯಾರಿಗಿ ಗೊತ್ತವ್ವ. ಎಲ್ಲಾ ಥರದ್ದು ಒಯ್ಬೇಕು" ಎಂದಳು.

ಯಾವ ಬಸುರಿ ಎಂದು ಮಗಳು ನನ್ನ ಮುಖ ನೋಡಿದಳು. ಹೊಲಕ್ಕೆ ಹೋದಾಗ ತೋರಿಸುತ್ತೇನೆ ಎಂದೆ.

ಬಿಸಿಲು ಏರುವ ಹೊತ್ತಿಗೆ ಬಂಡಿ ಹೂಡಿದರು. ಈಗ ಊರಿನಲ್ಲಿ ಹೆಚ್ಚಿನವರದು ಟ್ರ್ಯಾಕ್ಟರು. ಮಾಮ ಒಂದು ಜೊತೆ ಎತ್ತು ಇಟ್ಟುಕೊಂಡಿದ್ದಾನೆ. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಝೂಲ. ಬುಟ್ಟಿಗಳ ಮೇಲೆ ಬಿಳಿ ಅರಿವೆ ಮುಚ್ಚಿ, ಇಳಕಲ್ಲ ಸೀರೆಯ ಹೆಣ್ಣುಮಕ್ಕಳನ್ನೂ ಮಕ್ಕಳನ್ನೂ ಹತ್ತಿಸಿಕೊಂಡು ಬಂಡಿ ಊರ ಅಗಸಿ ದಾಟಿತು. ಹಿಂತಿರುಗಿ ನೋಡಿದರೆ ಊರು ಬರಿದೋ ಬರಿದು. ಹೊಲಗಳಲ್ಲಿ ಮಾತ್ರ ಗಿಡಗಿಡದ ಕೆಳಗೆ ಜನ, ಮೇಲೆ ಹುಡುಗರ ಗಾಳಿಪಟ. ಮನೆಗಳನ್ನೆಲ್ಲ ಹೊತ್ತುಕೊಂಡು ಹೋಗಿ ಹೊಲದಲ್ಲಿ ಇಳಿಸಿದಂತಿತ್ತು.

ನಮ್ಮ ಹೊಲಗಳಿಗೆ ಹೆಸರುಗಳಿವೆ. ಸರ್ವೆ ನಂಬರು ಪಹಣಿಯಲ್ಲಿ ಮಾತ್ರ. ಬಾಯಲ್ಲಿ ದಿಬ್ಬದ ಹೊಲ, ಹೊಳಿ ಹೊಲ, ಬನ್ನಿಗಿಡದ ಎರಿ. ಬನ್ನಿಗಿಡದ ಎರಿಯೆಂದರೆ ಹೊಳೆ ಹೊಲಕ್ಕೆ ಹತ್ತಿದ ನಾಲ್ಕು ಎಕರೆ ಕಪ್ಪು ನೆಲ. ಸೆಪ್ಟೆಂಬರಿನಲ್ಲಿ ಅಲ್ಲಿ ತೊಗರಿಯಿತ್ತು. ಕಲಬುರಗಿ ತೊಗರಿಯ ಕಣಜ. ಈ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂದಿದೆ. ಸುಣ್ಣಕಲ್ಲಿನ ಮೇಲೆ ಕೂತ ಈ ಕಪ್ಪು ಮಣ್ಣಿನಿಂದಲೇ ಬೇಳೆಗೆ ಆ ರುಚಿ ಎಂದು ಇಲ್ಲಿಯವರು ಹೇಳುತ್ತಾರೆ. ಆದರೆ ತೊಗರಿ ನಿಂತ ನೀರು ತಡೆಯದ ಬೆಳೆ. ಭೀಮೆ ನಾಲ್ಕು ದಿನ ಹೊಲದಲ್ಲಿ ನಿಂತು ಹಿಂದೆ ಸರಿದಾಗ ಗಿಡಗಳೆಲ್ಲ ಬೇರು ಕೊಳೆತು ಕರಿ ಕಡ್ಡಿಯಾಗಿದ್ದವು. ಅವನ್ನು ಕಿತ್ತು ರಾಶಿ ಹಾಕಿ ಸುಡಲು ಮಾಮನಿಗೆ ವಾರ ಹಿಡಿದಿತ್ತಂತೆ. ಅಕ್ಟೋಬರಿನಲ್ಲಿ ನೆಲ ಹದಕ್ಕೆ ಬಂದ ಕೂಡಲೇ ಅದರಲ್ಲೇ ಮಾಲದಂಡಿ ಬಿಳಿಜೋಳ ಬಿತ್ತಿದ.

ಆ ಜೋಳ ಈಗ ಮಗಳಿಗಿಂತ ಎತ್ತರ ನಿಂತಿತ್ತು. ಹಿಂಗಾರಿ ಜೋಳಕ್ಕೆ ಬಿತ್ತಿದ ಮೇಲೆ ಮಳೆ ಬೇಕೆಂದೇನೂ ಇಲ್ಲ. ಎರೆ ಮಣ್ಣು ಮಳೆಗಾಲದಲ್ಲಿ ಕುಡಿದ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೇರಿಗೆ ಹನಿಹನಿಯಾಗಿ ಬಿಟ್ಟುಕೊಡುತ್ತದೆ. ಮೇಲಿನಿಂದ ರಾತ್ರಿಯ ಮಂಜು. ನೆಲ ಒಣಗುತ್ತ ಬಿರುಕು ಬಿಡುತ್ತದೆ. ಬಿರುಕಿನಿಂದ ತೇವ ಹಾರಿಹೋಗದಂತೆ ಎಡೆ ಹೊಡೆದು ಮೇಲ್ಮಣ್ಣು ಸಡಿಲಿಸಿ ಮುಚ್ಚುವುದೇ ರೈತನ ಕೆಲಸ. ಮಾಮ ಮಗಳ ಕೈಯನ್ನು ಒಂದು ಬಿರುಕಿನೊಳಗೆ ಇಳಿಸಿದ. "ಮ್ಯಾಲ ಬೆಚ್ಚಗ, ಕೆಳಗ ತಣ್ಣಗ" ಎಂದಳು ಅವಳು, ಅವನ ಮಾತಿನ ಧಾಟಿಯಲ್ಲೇ. "ಆ ತಣ್ಣಂದು ಇದ್ರೇನೇ ನಮ್ಮ ರೊಟ್ಟಿ" ಎಂದ ಮಾಮ.

ಆಮೇಲೆ ಒಂದು ದಂಟನ್ನು ಬಾಗಿಸಿ ಮೇಲಿನ ಎಲೆಯ ಬುಡವನ್ನು ತೋರಿಸಿದ. ಅಲ್ಲಿ ದಂಟು ಉಬ್ಬಿಕೊಂಡಿತ್ತು. ಒಳಗೆ ಏನೋ ಮಲಗಿದೆಯೆಂದು ನೋಡಿದರೇ ತಿಳಿಯುವಂತೆ. "ಮುಟ್ಟು, ಹಿಚುಕಬ್ಯಾಡ" ಎಂದ. ಮಗಳು ಎರಡು ಬೆರಳಲ್ಲಿ ಮೆಲ್ಲಗೆ ಸವರಿದಳು. "ಇದಕ್ಕ ಹೊಡಿ ಅಂತಾರ. ಒಳಗ ತೆನಿ ಅದ. ಇನ್ನೊಂದು ಎಂಟು ದಿನಕ್ಕ ಹೊರಗ ಬರ್ತದ." ಬೆಳಗಿನ ಪ್ರಶ್ನೆಗೆ ಅವಳಿಗೆ ಉತ್ತರ ಸಿಕ್ಕಿತು. "ಹಂಗಾದ್ರ ಇದೇನಾ ಬಸುರಿ?" ಎಂದು ಹೊಲದ ಕಡೆ ಕೈ ಬೀಸಿ ಕೇಳಿದಳು. ಅತ್ತಿ ಅವಳನ್ನು ಬರಸೆಳೆದು ನೆಟಿಗೆ ಮುರಿದಳು.

ನಮ್ಮ ಕಡೆ ಚೊಚ್ಚಿಲ ಬಸುರಿಗೆ ಕುಬುಸದ ಕಾರ್ಯ ಮಾಡುತ್ತಾರೆ. ತವರಿನವರು ಹಸಿರು ಸೀರೆ, ಖಣ, ಬಳೆ, ಬುಟ್ಟಿ ತುಂಬ ಬುತ್ತಿ ತರುತ್ತಾರೆ. ಎಳ್ಳಮಾಸಿಯಂದು ಅದೇ ಬುತ್ತಿ, ಅದೇ ಖಣ ಹೊಲಕ್ಕೆ ಹೋಗುತ್ತದೆ. ಇಷ್ಟು ವರ್ಷ ಈ ಹಬ್ಬಕ್ಕೆ ಬಂದು ಉಂಡು ಹೋದರೂ ಅದರ ನೆಂಟಸ್ತಿಕೆ ನನಗೆ ಹೊಳೆದದ್ದು ಅವ್ವ ಖಣ ಕೊಟ್ಟಾಗಲೇ. ಹೊಲವನ್ನು ಭೂತಾಯಿ ಎಂದು ಕೈ ಮುಗಿಯುತ್ತೇವೆ, ನಿಜ. ಆದರೆ ಈ ಒಂದು ದಿನ ಅವಳು ತಾಯಲ್ಲ, ಮಗಳು. ಹೊಡೆ ತುಂಬಿ ದಿನ ಎಣಿಸುತ್ತಿರುವ ಮಗಳು. ಇಡೀ ಮನೆ ಬುತ್ತಿ ಹೊತ್ತುಕೊಂಡು ಅವಳನ್ನು ನೋಡಲು ಹೋಗುತ್ತದೆ.

ಬನ್ನಿ ಗಿಡ ಬದುವಿನ ಮೇಲೆ ಹಾಗೇ ಇತ್ತು. ಹೊಳೆಯ ಕಡೆಯ ಬೇರಿನ ಮಣ್ಣು ಕೊಚ್ಚಿಹೋಗಿ ಎರಡು ಬೇರು ಬತ್ತಲಾಗಿದ್ದವು. ನನ್ನ ಎದೆಯೆತ್ತರದ ಕೊಂಬೆಯೊಂದರಲ್ಲಿ ಪ್ರವಾಹ ತಂದ ಹುಲ್ಲು, ಕಡ್ಡಿ, ಹರಿದ ಪ್ಲಾಸ್ಟಿಕ್ ಇನ್ನೂ ಸಿಕ್ಕಿಕೊಂಡು ಒಣಗಿತ್ತು. ನೀರು ಅಲ್ಲಿಯವರೆಗೆ ಬಂದಿತ್ತೆಂಬ ಗುರುತು. ಅದೇ ಕೊಂಬೆಯ ತುದಿಯಲ್ಲಿ ಚಿಗುರಿತ್ತು. ಮಾಮ ಬತ್ತಲಾದ ಬೇರಿಗೆ ಹೊಸ ಮಣ್ಣು ಏರಿಸಿ, ಸುತ್ತ ಪರ್ಸಿ ಚೂರುಗಳ ಒಡ್ಡು ಕಟ್ಟಿದ್ದ. ಅವ್ವನಿಗೆ ಹೇಳಲು ಒಂದೊಂದನ್ನೂ ಸರಿಯಾಗಿ ನೋಡಿಕೊಂಡೆ.

ಗಿಡದ ಬುಡದಲ್ಲಿ ಐದು ಕಲ್ಲು ತೊಳೆದು, ಸುಣ್ಣ ಬಳಿದು, ಕುಂಕುಮ ಇಟ್ಟರು. ಅವೇ ಪಂಚಪಾಂಡವರು. ಪಕ್ಕದಲ್ಲಿ ಐದು ಜೋಳದ ದಂಟುಗಳ ತಲೆ ಕೂಡಿಸಿ ಕಟ್ಟಿ ಮೊಣಕಾಲೆತ್ತರದ ಕೊಂಪೆ ಮಾಡಿ, ಒಳಗೆ ದೀಪ ಹಚ್ಚಿಟ್ಟರು. ಅವ್ವ ಕೊಟ್ಟ ಖಣವನ್ನು ಬಿಚ್ಚಿ ಅದರಲ್ಲಿ ಜೋಳ, ಬೆಲ್ಲದಚ್ಚು, ಉತ್ತತ್ತಿ, ಅಡಿಕೆ, ಬಳೆ ಇಟ್ಟು ನೆಲಕ್ಕೆ ಉಡಿ ತುಂಬಿದೆ. ಅತ್ತಿ ಅರಿಷಿಣದ ಕೈಯನ್ನು ಮಣ್ಣಿಗೆ ಒತ್ತಿದಳು. ಕಪ್ಪು ಎರೆಯ ಮೇಲೆ ಹಳದಿ ಅಂಗೈ ಮೂಡಿತು.

ಅನಂತರ ಚರಗ. ಮಾಮ ಬುಟ್ಟಿಯಲ್ಲಿ ಕಡುಬು, ರೊಟ್ಟಿ, ಭಜ್ಜಿ, ಹೋಳಿಗೆ ಎಲ್ಲ ಮುರಿದು ಕಲಸಿಕೊಂಡು ಬದುವಿನ ಗುಂಟ ಹೊರಟ. ಹಿಂದೆ ನೀರಿನ ತಂಬಿಗೆ ಹಿಡಿದು ಪುಣೆಯಿಂದ ಬಂದಿದ್ದ ಅವನ ಮಗ. ಅವನ ಹಿಂದೆ ಮಕ್ಕಳ ಸಾಲು. ಮಾಮ ಒಂದು ಹಿಡಿ ಬೆಳೆಯೊಳಗೆ ಚೆಲ್ಲಿ ದೊಡ್ಡ ದನಿಯಲ್ಲಿ ಕೂಗಿದರೆ, ಹಿಂದಿನವರು ಮರುದನಿ ಕೊಟ್ಟು ಅಲ್ಲಿಗೆ ನೀರು ಚಿಮುಕಿಸುತ್ತಾರೆ. ಆ ಕೂಗಿನ ನುಡಿ ಊರಿಂದ ಊರಿಗೆ ಬೇರೆ. ಅರ್ಥ ಕೇಳಿದರೆ ಹಿರಿಯರು, ಹೊಲಕ್ಕೆ ತಿಳಿಯುತ್ತದೆ ಬಿಡು ಎನ್ನುತ್ತಾರೆ. ಆಚೆ ಹೊಲದಿಂದಲೂ ಅದೇ ಕೂಗು, ಅದರಾಚೆಯಿಂದಲೂ. ಸ್ವಲ್ಪ ಹೊತ್ತಿನಲ್ಲಿ ಹೊಳೆಯವರೆಗಿನ ಬಯಲೆಲ್ಲ ಕೂಗಿಗೆ ಕೂಗು ಸೇರಿ ತುಂಬಿಹೋಯಿತು. ಮಗಳು ಮೊದಲು ನಾಚಿದಳು. ಎರಡನೆಯ ಬದುವಿಗೆ ಬರುವಷ್ಟರಲ್ಲಿ ಅವಳ ದನಿಯೇ ಎಲ್ಲರಿಗಿಂತ ಮೇಲೆ.

ಚರಗ ಚೆಲ್ಲುವ ತನಕ ಮನೆಯವರು ಯಾರೂ ಬಾಯಿಗೆ ತುತ್ತು ಹಾಕುವುದಿಲ್ಲ. ಇಲಿ, ಇರುವೆ, ಹಕ್ಕಿ ಮೊದಲು ಉಣ್ಣಬೇಕು. "ಚರಗಕ್ಕ ಹಕ್ಕಿ ಬರ್ತಾವ, ಬಂದ ಹಕ್ಕಿ ಕೀಡಿನೂ ತಿಂತಾವ" ಎಂದು ಮಾಮ ಹೇಳಿದ. ನಾನು ಅವನ ಹೆಜ್ಜೆಯನ್ನೇ ನೋಡುತ್ತಿದ್ದೆ. ದಿಬ್ಬದ ಕಡೆ ಬೇಗ ನಡೆದವನು ಹೊಳೆ ಕಡೆಯ ಬದುವಿಗೆ ಬಂದಾಗ ನಿಧಾನವಾದ. ಅಲ್ಲಿ ಸುಟ್ಟ ತೊಗರಿ ಕಟ್ಟಿಗೆಯ ಬೂದಿಯ ಕಲೆಗಳು ಸಾಲಿನ ನಡುವೆ ಇನ್ನೂ ಇದ್ದವು. ಒಂದೊಂದು ಕಲೆಯ ಬಳಿಯೂ ನಿಂತು, ಉಳಿದ ಕಡೆಗಿಂತ ದೊಡ್ಡ ಹಿಡಿ ಹಾಕಿದ.

ನನಗೆ ತಡೆಯಲಾಗಲಿಲ್ಲ. "ಮಾಮ, ಇಷ್ಟು ಲುಕ್ಸಾನ ಆದ ವರ್ಷನೂ ಇಷ್ಟೆಲ್ಲಾ ಖರ್ಚು ಮಾಡಿ..." ಎಂದೆ. ಅವನು ಬುಟ್ಟಿಯನ್ನು ಸೊಂಟದ ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡ.

"ಒಂದ್ ಸಲ ಬಸುರು ನಿಲ್ಲಲಿಲ್ಲಂತ ಮಗಳಿಗಿ ಬುತ್ತಿ ಒಯ್ಯೋದು ಬಿಡ್ತೀವೇನವ್ವ? ಹಂತಾ ವರ್ಷನೇ ತಪ್ಪದಂಗ ಹೋಗ್ಬೇಕು."

ಹೇಳಿ ಮುಂದೆ ನಡೆದ, ಕೂಗಿದ. ಮರುದನಿ ಕೊಡಲು ನನ್ನ ಗಂಟಲು ಏಳಲಿಲ್ಲ.

ಊಟಕ್ಕೆ ಬನ್ನಿಯ ನೆರಳು. ಅಂಗೈ ಮೇಲೆ ಕಟಿ ರೊಟ್ಟಿ, ಅದರ ಮೇಲೆ ಭಜ್ಜಿ, ಹಿಂಡಿ, ಒಂದು ಹಸಿ ಉಳ್ಳಾಗಡ್ಡಿ. ನಮ್ಮ ಸಾಲಿನಲ್ಲಿ ಊರಿನ ದರ್ಜಿ ಸಾಹೇಬರ ಮನೆಯವರು, ಶಾಲೆಯ ಹೊಸ ಮಾಸ್ತರರು, ಕೂಲಿಗೆ ಬರುವ ಎರಡು ಮನೆಯವರು. ಇವರಾರಿಗೂ ಸ್ವಂತ ಹೊಲವಿಲ್ಲ. ಹೊಲವಿಲ್ಲದವರನ್ನು ಕರೆಯದೆ ಉಂಡರೆ ಅದು ಎಳ್ಳಮಾಸಿಯಲ್ಲ ಎಂಬುದು ಇಲ್ಲಿಯ ಕಟ್ಟು. ದರ್ಜಿ ಸಾಹೇಬರು ನಲವತ್ತು ವರ್ಷದಿಂದ ಇದೇ ಗಿಡದ ಕೆಳಗೆ ಉಣ್ಣುತ್ತಿದ್ದಾರೆ. ಅವ್ವನ ಮದುವೆಯ ಕುಪ್ಪಸ ಹೊಲಿದವರು ಅವರೇ. "ನಿಮ್ಮವ್ವ ಈ ಕೊಂಬಿಗೇ ಜೋಕಾಲಿ ಕಟ್ಟತಿದ್ಳು" ಎಂದು ಹುಲ್ಲು ಸಿಕ್ಕಿಕೊಂಡಿದ್ದ ಅದೇ ಕೊಂಬೆ ತೋರಿಸಿದರು. ಮಾಮನ ಮಗ ಆ ಹುಲ್ಲು, ಪ್ಲಾಸ್ಟಿಕ್ ಬಿಡಿಸಿ ತೆಗೆದು, ಮೇಲಿನ ಗಟ್ಟಿ ಕೊಂಬೆಗೆ ಹಗ್ಗ ಹಾಕಿದ. ಸಂಜೆಯ ತನಕ ಮಕ್ಕಳು ತೂಗಿದರು.

ಶನಿವಾರ ಮಾಮ ನಮ್ಮನ್ನು ಸನ್ನತಿಗೆ ಕರೆದುಕೊಂಡು ಹೋದ. ಭೀಮೆಯ ತಟದಲ್ಲಿ ಚಂದ್ರಲಾ ಪರಮೇಶ್ವರಿಯ ಗುಡಿ. 1986ರಲ್ಲಿ ಅಲ್ಲಿಯ ಕಾಳಿಕಾ ಗುಡಿಯ ಮಾಳಿಗೆ ಕುಸಿಯಿತು. ನೋಡಿದರೆ ಮೂರ್ತಿಯ ಕೆಳಗಿನ ಪೀಠದ ಕಲ್ಲಿನಲ್ಲಿ ಬ್ರಾಹ್ಮಿ ಅಕ್ಷರ! ಅದು ಅಶೋಕನ ಶಾಸನವಾಗಿತ್ತು. ಮೂರ್ತಿಯನ್ನು ನಿಲ್ಲಿಸಲು ಯಾವ ಕಾಲದಲ್ಲೋ ಅದರ ನಡುವೆ ತೂತು ಕೊರೆದಿದ್ದರು. ಅದರಲ್ಲಿ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದ ಪ್ರತ್ಯೇಕ ಶಾಸನಗಳ ಭಾಗಗಳೂ ಇವೆ. ಜನರೆಲ್ಲ ತನಗೆ ಮಕ್ಕಳಿದ್ದಂತೆ ಎಂದು ಅರಸ ಹೇಳಿಕೊಂಡದ್ದು ಆ ಪ್ರತ್ಯೇಕ ಶಾಸನಗಳಲ್ಲಿಯೇ.

ಪಕ್ಕದ ಕನಗನಹಳ್ಳಿಯಲ್ಲಿ ಹೊಲದ ಮಣ್ಣಿನ ಕೆಳಗೆ ಒಂದು ಮಹಾಸ್ತೂಪವೇ ಮಲಗಿತ್ತು. 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ಕೆತ್ತನೆಯ ಚಪ್ಪಡಿಗಳು ಸಾಲುಸಾಲಾಗಿ ಎದ್ದವು. ಒಂದರಲ್ಲಿ ರಾಣಿಯ ಜೊತೆ ನಿಂತ ಅರಸ, ಹಿಂದೆ ಛತ್ರ ಹಿಡಿದ ಹೆಣ್ಣು, ಮೇಲೆ ಬ್ರಾಹ್ಮಿಯಲ್ಲಿ ಅರಸ ಅಶೋಕನೆಂದು ಹೆಸರು. ಹೆಸರು ಬರೆದಿರುವ ಅಶೋಕನ ಶಿಲ್ಪ ಸಿಕ್ಕ ಊರು ಇದು. ಚಪ್ಪಡಿಗಳನ್ನು ನೋಡುತ್ತ ಮಗಳು, "ಇದು ಅಜ್ಜನ ಮನೆ ನೆಲದ ಕಲ್ಲಲ್ಲೇನು?" ಎಂದಳು. ಹೌದು, ಅದೇ ಸುಣ್ಣಕಲ್ಲು. ಎರಡು ಸಾವಿರ ವರ್ಷದ ಹಿಂದಿನ ಶಿಲ್ಪಿ ಇಲ್ಲಿಯ ನೆಲದಿಂದಲೇ ಹಾಳೆ ಎಬ್ಬಿಸಿ ಕೆತ್ತಿದ್ದ. ಮಾಮ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನಿಗೆ ಅದು ಇತಿಹಾಸದ ಪುಟವಾಗಿ ಕಾಣಲಿಲ್ಲ. ಹೊಲ ಇಷ್ಟು ಕಾಲ ಮಣ್ಣು ಹೊದಿಸಿ ಕಾಪಾಡಿಕೊಂಡು ಬಂದ ಒಡವೆಯಾಗಿ ಕಂಡಿತು. "ಎಷ್ಟು ಹೊಳಿ ಬಂದಿರ್ಬೇಕು ಇದರ ಮ್ಯಾಲ" ಎಂದಷ್ಟೇ ಹೇಳಿದ.

ಭಾನುವಾರ ಬೆಳಿಗ್ಗೆ ತಂಗಳು ಭಜ್ಜಿ ಬಿಸಿ ಮಾಡಿ ಉಂಡೆವು. ಹುಳಿ, ಕಾಳು, ಸೊಪ್ಪು ಎಲ್ಲ ಒಂದಕ್ಕೊಂದು ಕೂಡಿಕೊಂಡು ಎರಡು ದಿನದ ಮೇಲೆಯೇ ಅದಕ್ಕೆ ನಿಜವಾದ ರುಚಿ. ಅಂಗಳದಲ್ಲಿ ಕೂತು ಅವ್ವನಿಗೆ ವಿಡಿಯೊ ಕಾಲ್ ಹಚ್ಚಿದೆ. "ಹೊಡಿ ತುಂಬ್ಯ?" ಎಂಬುದೇ ಅವಳ ಮೊದಲ ಮಾತು. ಮಗಳು ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ತುಂಬಿದೆ ಎಂದು, ತಾನು ಮುಟ್ಟಿ ನೋಡಿದೆ ಎಂದು, ಬನ್ನಿಯ ಬೇರಿಗೆ ಅಜ್ಜ ಮಣ್ಣು ಏರಿಸಿದ್ದಾನೆಂದು, ಕೊಂಬೆಗೆ ಜೋಕಾಲಿ ಕಟ್ಟಿದೆವೆಂದು ಒಂದೇ ಉಸಿರಿನಲ್ಲಿ ಹೇಳಿದಳು. ಅವ್ವ ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ ತಮ್ಮನನ್ನು ಕರೆದು, "ಬಿಪಿ ಗುಳಿಗಿ ತಪ್ಪಿಸಬ್ಯಾಡ" ಎಂದಳು.

ಮೂರು ದಿನದ ರಜೆಯಲ್ಲಿ ನೆಂಟರ ಮನೆಗೆ ಹೋಗಿ ಬರುವುದು ದೊಡ್ಡ ಪ್ರಯಾಣವೇನಲ್ಲ. ಆದರೆ ನಮ್ಮಲ್ಲಿ ಎಷ್ಟೋ ಜನ ಊರಿಗೆ ಹೋದರೂ ಮನೆಯ ಕಟ್ಟೆಯಿಂದಲೇ ತಿರುಗಿ ಬರುತ್ತೇವೆ. ಹೊಲದ ಪಾಲು, ಹೊಲದ ದರ ವಿಚಾರಿಸುತ್ತೇವೆ, ಹೊಲವನ್ನು ನೋಡುವುದಿಲ್ಲ. ನೆಂಟಸ್ತಿಕೆ ನಿಲ್ಲುವುದು ಹೋಗಿಬರುವುದರಿಂದ. ಹೊಲದ ಹೆಸರು ಗೊತ್ತಿಲ್ಲದ ಮೊಮ್ಮಕ್ಕಳಿಗೆ ಮುಂದೊಂದು ದಿನ ಅದನ್ನು ಮಾರುವಾಗ ಕರುಳು ಚುರುಕ್ ಎನ್ನುವುದಿಲ್ಲ. ಮಗಳನ್ನು ಮರೆತ ಮನೆಗೆ ಒಳ್ಳೆಯದಾಗುವುದಿಲ್ಲ ಎಂದು ಹಿರಿಯರು ಹೇಳುವುದು ಹೆಣ್ಣುಮಕ್ಕಳಿಗಷ್ಟೇ ಅಲ್ಲವೆಂದು ನಾನು ಈಗ ನಂಬುತ್ತೇನೆ.

ನಿಮ್ಮ ಮನೆತನಕ್ಕೂ ಎಲ್ಲೋ ಒಂದು ಹೊಲವಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಬೆಳೆ ಚೆನ್ನಾಗಿ ಬಂದ ವರ್ಷಕ್ಕೆ ಕಾಯಬೇಡಿ. ಹೊಲವಿಲ್ಲದಿದ್ದರೂ ಚಿಂತೆಯಿಲ್ಲ, ಹೊಲವಿದ್ದವರು ಆ ದಿನ ದಾರಿಯಲ್ಲಿ ನಿಂತು ಕರೆಯುತ್ತಾರೆ. ಮುಂದಿನ ಎಳ್ಳಮಾಸಿ 2027ರ ಜನವರಿ 7ಕ್ಕೆ ಬರುತ್ತದೆ, ಗುರುವಾರ. ಶುಕ್ರವಾರವೂ ರಜೆ ಹಾಕಿದರೆ ನಾಲ್ಕು ದಿನ ಸಿಗುತ್ತದೆ.